ಇಡೀ ಕ್ಯಾಂಪಸ್ಸಿಗೆ ವರ್ಷಕ್ಕೊಂದು ವಿಷಯ: ಈ ಸಲ ಯಾವುದು?

ಗ್ರಂಥಾಲಯ ಸಿಬ್ಬಂದಿ, ಸಮಿತಿ ಸದಸ್ಯೆ

ಎಲ್ಲರಿಗೂ ನಮಸ್ಕಾರ. ಈ ವರ್ಷವೂ ಇಡೀ ಕ್ಯಾಂಪಸ್ಸಿಗೆ ಒಂದೇ ವಿಷಯ ಇಟ್ಟುಕೊಂಡು, ಎಲ್ಲ ವಿಭಾಗದವರೂ ಅದರ ಸುತ್ತ ಏನಾದರೂ ಮಾಡಬೇಕು ಅಂತ ತೀರ್ಮಾನ ಆಗಿದೆ. ಯಾವ ವಿಷಯ ಅನ್ನುವುದು ಮಾತ್ರ ಬಾಕಿ. ಸಮಿತಿಯಲ್ಲಿ ಐದು ಜನ ಇದ್ದೇವೆ. ಐದು ಜನ ಒಂದು ಕೋಣೆಯಲ್ಲಿ ಕೂತು ಎಲ್ಲರ ಪರವಾಗಿ ಆರಿಸುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋದ ವರ್ಷದ್ದು ನೆನಪಿದೆಯಾ? "ಸುಸ್ಥಿರ ಅಭಿವೃದ್ಧಿ". ಯಾರೂ ಬೇಡ ಅನ್ನದ ವಿಷಯ. ಗೇಟಿನ ಹತ್ತಿರ ಫ್ಲೆಕ್ಸ್ ಕಟ್ಟಿದೆವು, ಒಂದು ಅತಿಥಿ ಉಪನ್ಯಾಸ ಆಯಿತು, ಸರ್ಟಿಫಿಕೇಟ್ ಹಂಚಿದೆವು, ದಸರಾ ರಜೆ ಮುಗಿಸಿ ಬರುವ ಹೊತ್ತಿಗೆ ಎಲ್ಲರೂ ಮರೆತಿದ್ದರು. ನಾನು ಆ ವಿಷಯದ ಪುಸ್ತಕಗಳನ್ನೆಲ್ಲ ಹುಡುಕಿ ಬಾಗಿಲ ಹತ್ತಿರದ ಕಪಾಟಿನಲ್ಲಿ ಜೋಡಿಸಿಟ್ಟಿದ್ದೆ. ನಲವತ್ತೆರಡು ಪುಸ್ತಕ. ವರ್ಷದ ಕೊನೆಗೆ ರಿಜಿಸ್ಟರ್ ತೆಗೆದು ನೋಡಿದರೆ ಮನೆಗೆ ಹೋಗಿ ಬಂದಿದ್ದು ಮೂರೇ ಮೂರು. ಆ ದಿನ ನನಗೆ ನಿಜವಾಗಿ ಬೇಜಾರಾಯಿತು. ಮಕ್ಕಳಿಗೆ ಓದುವ ಆಸೆ ಇಲ್ಲ ಅಂತಲ್ಲ, ನಾವು ಕೊಟ್ಟ ವಿಷಯಕ್ಕೆ ಕೈ ಹಾಕುವ ಜಾಗವೇ ಇರಲಿಲ್ಲ.

ಹಾಗಾಗಿ ಒಂದು ಕೋರಿಕೆ. ಈ ಸಲ ದೊಡ್ಡ ಮಾತು ಬೇಡ, ಮುಟ್ಟಲು ಸಿಗುವಂಥದ್ದು ಹೇಳಿ. ಬೆಳಗ್ಗೆ ಹಾಸನದಲ್ಲಿ ಬಸ್ಸು ಹತ್ತಿದರೆ ಹೋಗಿ ನೋಡಿಕೊಂಡು ಸಂಜೆಯೊಳಗೆ ವಾಪಸ್ ಬರುವ ಹಾಗಿರಲಿ. ಮೇಷ್ಟ್ರು, ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲ, ಕ್ಯಾಂಟೀನಿನವರಿಗೆ, ಕಚೇರಿಯವರಿಗೆ, ಗಿಡಕ್ಕೆ ನೀರು ಹಾಕುವವರಿಗೆ, ರಾತ್ರಿ ಗೇಟು ಕಾಯುವವರಿಗೆ ಕೂಡ ಅದರಲ್ಲಿ ಹೇಳುವುದಕ್ಕೆ ಏನಾದರೂ ಇರಲಿ.

ಇನ್ನೊಂದು ಮಾತು. ಮತ ಹಾಕುವುದು ಬೇಡ. ಮತ ಹಾಕಿದವರು ಅಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ನಿಮಗೆ ಬೇಕಾದ ವಿಷಯ ಹೇಳಿ, ಅದು ಬಂದರೆ ನಿಮ್ಮ ವಿಭಾಗ ಏನು ಮಾಡುತ್ತದೆ ಅಂತ ಒಂದು ಸಾಲು ಬರೆಯಿರಿ. ಯಾವುದಕ್ಕೆ ಜಾಸ್ತಿ ಕೆಲಸದ ಸಾಲು ಬರುತ್ತದೋ ಅದನ್ನೇ ಇಟ್ಟುಕೊಳ್ಳೋಣ.

ಇತಿಹಾಸ, ಎಂ.ಎ. ಎರಡನೇ ವರ್ಷ

ಮೇಡಂ, ಇದರಲ್ಲಿ ಯೋಚನೆ ಮಾಡುವುದು ಏನಿದೆ? ಕಲ್ಲು. ನಾವಿರುವುದು ಹಾಸನದಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಸೇರಿಸಿ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಮೂರರಲ್ಲಿ ಎರಡು ನಮ್ಮ ಜಿಲ್ಲೆಯವು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ಸಿಕ್ಕಿದ ಊರು ಬೇಲೂರು ತಾಲ್ಲೂಕಿನಲ್ಲೇ ಇದೆ. ಶ್ರವಣಬೆಳಗೊಳ ಇದೆ.

ನನಗೆ ರಾಜರ ಕತೆಗಿಂತ ಕಲ್ಲು ಕಡೆದವರ ಕತೆ ಇಷ್ಟ. ನುಗ್ಗೇಹಳ್ಳಿ ದೇವಸ್ಥಾನಕ್ಕೆ ಹೋದರೆ ಗೋಡೆಯ ಒಂದು ಬದಿ ಮಲ್ಲಿತಮ್ಮ ಮಾಡಿದ್ದು, ಇನ್ನೊಂದು ಬದಿ ಬೈಚೋಜ ಮಾಡಿದ್ದು ಅಂತ ಗೊತ್ತಾಗುತ್ತದೆ. ಇಬ್ಬರೂ ಹೆಸರು ಕೆತ್ತಿಟ್ಟಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣನ ಹೆಸರು ಇದೆ. ಎಂಟು ನೂರು ವರ್ಷದ ಹಿಂದೆ ಕೆಲಸದವರು ತಮ್ಮ ಹೆಸರು ಹಾಕಿಕೊಂಡಿದ್ದು ಎಷ್ಟು ದೊಡ್ಡ ವಿಷಯ ಅಲ್ವಾ?

ನಮ್ಮ ವಿಭಾಗದ ಸಾಲು: ಜಿಲ್ಲೆಯ ಹೊಯ್ಸಳ ಗುಡಿಗಳಲ್ಲಿ ಶಿಲ್ಪಿಗಳ ಹೆಸರು ಎಲ್ಲೆಲ್ಲಿ ಇದೆ ಅಂತ ಓದಿ, ಫೋಟೋ ತೆಗೆದು, ಒಂದು ಪಟ್ಟಿ ಮಾಡುತ್ತೇವೆ.

ಭೌತಶಾಸ್ತ್ರ, ಎಂ.ಎಸ್ಸಿ. ಮೊದಲ ವರ್ಷ

"ಆಕಾಶ" ಇಡಬಹುದಾ? 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಬೇರೆ ಊರಿನವರಿಗೆ ಇದು ಗೊತ್ತೇ ಇಲ್ಲ. ಆದರೆ ಮೇಡಂ ಹೇಳಿದ ಹಾಗೆ ಹೋಗಿ ಮುಟ್ಟಿ ಬರುವ ಜಾಗ ಅದಲ್ಲ, ಒಪ್ಪುತ್ತೇನೆ. ಸುಮ್ನೆ ಹೇಳಿದೆ.

ಭೂಗೋಳ, ಎಂ.ಎ. ಎರಡನೇ ವರ್ಷ

ನನ್ನದು ಹೇಮಾವತಿ. "ನೀರು" ಅಂತ ಇಟ್ಟರೆ ಎಲ್ಲರೂ "ನೀರು ಉಳಿಸಿ" ಅಂತ ಬೋರ್ಡ್ ಬರೆದು ಮನೆಗೆ ಹೋಗುತ್ತಾರೆ. ಅದಕ್ಕೇ ಒಂದೇ ಹೊಳೆ ಸಾಕು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಜಾವಳಿ ಹತ್ತಿರ ಹುಟ್ಟುತ್ತದೆ, ಸಕಲೇಶಪುರ ದಾಟಿ ಬರುತ್ತದೆ, ಬಾಬಾ ಬುಡನ್ ಗಿರಿ ಕಡೆಯಿಂದ ಬರುವ ಯಗಚಿ ಅದನ್ನು ಸೇರಿಕೊಳ್ಳುತ್ತದೆ, ಗೊರೂರಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಮುಂದೆ ಕಾವೇರಿ. ಮಳೆಗಾಲದಲ್ಲಿ ಬೆಳಗ್ಗೆ ಪೇಪರ್ ಬಿಚ್ಚಿದ ಕೂಡಲೇ ಗೊರೂರು ಡ್ಯಾಂ ಎಷ್ಟು ಅಡಿ ಆಯಿತು ಅಂತ ನೋಡದ ಮನೆ ನಮ್ಮ ಜಿಲ್ಲೆಯಲ್ಲಿ ಇದೆಯಾ? 2,922 ಅಡಿ ತುಂಬಿದರೆ 37.10 ಟಿಎಂಸಿ.

ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿ ಚರ್ಚ್ ಮುಂದೆ ನಿಂತು ಫೋಟೋ ತೆಗೆದುಕೊಳ್ಳುವವರು ಬೇಕಾದಷ್ಟು ಜನ. ಆ ಚರ್ಚಿನ ಸುತ್ತ ಒಂದು ಊರು ಇತ್ತು, ಅವರೆಲ್ಲ ಎಲ್ಲಿಗೆ ಹೋದರು ಅಂತ ಕೇಳುವವರು ಕಡಿಮೆ. ನನ್ನ ತಾತ ಹಾಗೆ ಎದ್ದು ಬಂದವರಲ್ಲಿ ಒಬ್ಬರು. ಈಗ ಅವರಿಗೆ ಎಂಬತ್ತು ದಾಟಿದೆ. ಅವರಂಥವರು ಇರುವಾಗಲೇ ಕೂತು ಕೇಳಿ ಬರೆದುಕೊಳ್ಳಬೇಕು.

ನಮ್ಮ ವಿಭಾಗದ ಸಾಲು: ಮುಳುಗಿದ ಊರುಗಳ ನಕ್ಷೆ, ಅಲ್ಲಿಂದ ಬಂದವರ ಮಾತಿನ ರೆಕಾರ್ಡಿಂಗ್.

ಎಂ.ಬಿ.ಎ. ಮೊದಲ ವರ್ಷ

ಆನೆ! ಸಕಲೇಶಪುರ, ಆಲೂರು, ಬೇಲೂರು ಕಡೆ ದಿನಾ ಇದೇ ಸುದ್ದಿ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತಿದ್ದು ನಮ್ಮ ಯಸಳೂರು ವಲಯದ ಕಾಡಿನಲ್ಲಿ, ಇನ್ನೊಂದು ಆನೆಯನ್ನು ಹಿಡಿಯಲು ಹೋದಾಗ. ಅವತ್ತು ಇಡೀ ರಾಜ್ಯ ಅತ್ತಿತು. ಲೋಗೋ ಕೂಡ ಚೆನ್ನಾಗಿ ಬರುತ್ತದೆ.

ಎಂ.ಕಾಂ. ಎರಡನೇ ವರ್ಷ, ಆಲೂರು ತಾಲ್ಲೂಕು

ಅಣ್ಣ, ನಿಮ್ಮ ಮೇಲೆ ಕೋಪ ಇಲ್ಲ. ಆದರೆ ಆನೆ ಬೇಡ ಅಂತ ಕೈ ಮುಗಿದು ಕೇಳುತ್ತೇನೆ.

ನಮ್ಮೂರಿನಿಂದ ಮುಖ್ಯ ರಸ್ತೆಗೆ ಎರಡು ಕಿಲೋಮೀಟರ್ ನಡೆಯಬೇಕು. ಎರಡೂ ಕಡೆ ಕಾಫಿ ತೋಟ. ಬೆಳಗ್ಗೆ ಆರೂವರೆಗೆ ಹೊರಟರೆ ಮಾತ್ರ ಮೊದಲ ಕ್ಲಾಸು ಸಿಗುತ್ತದೆ. ಫೋನಿಗೆ ಮೆಸೇಜ್ ಬರುತ್ತದೆ, ಇಂಥ ಎಸ್ಟೇಟ್ ಹತ್ತಿರ ಆನೆ ಇದೆ, ಯಾರೂ ಓಡಾಡಬೇಡಿ ಅಂತ. ಅವತ್ತು ಅಮ್ಮ ಬಾಗಿಲಿಗೆ ಅಡ್ಡ ನಿಂತುಬಿಡುತ್ತಾರೆ. ಮಂಜು ಇದ್ದ ದಿನ ಹತ್ತು ಅಡಿ ಮುಂದಿನದು ಕಾಣುವುದಿಲ್ಲ. ಒಂದು ಸಲ ನಾನು ಮೆಸೇಜ್ ನೋಡದೆ ಹೊರಟಿದ್ದೆ. ತಿರುವಿನಲ್ಲಿ ಹಲಸಿನ ಹಣ್ಣಿನ ವಾಸನೆ ಬಂತು. ಮೇ ತಿಂಗಳು, ಹಲಸು ಇರುತ್ತದೆ ಬಿಡು ಅಂತ ಇನ್ನೆರಡು ಹೆಜ್ಜೆ ಇಟ್ಟೆ. ಆಮೇಲೆ ಬೇಲಿಯ ಆ ಕಡೆ ಉಸಿರು ಬಿಡುವ ಸದ್ದು ಕೇಳಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮನೆವರೆಗೂ ಓಡಿದೆ, ಒಂದು ಚಪ್ಪಲಿ ಅಲ್ಲೇ ಬಿತ್ತು.

ಹಿಂದೆ ಓದಿದ ಕಾಲೇಜಿನಲ್ಲಿ ಇದೇ ಕಾರಣಕ್ಕೆ ನನಗೆ ಹಾಜರಾತಿ ಸಾಲದೆ ಬಂದಾಗ, "ಆನೆ ಅಂತ ದಿನಾ ಒಂದು ನೆಪ" ಅಂದರು. ಆನೆಯನ್ನು ಲೋಗೋ ಮಾಡಿ ವರ್ಷವೆಲ್ಲ ನೋಡುವುದು ನನ್ನಿಂದ ಆಗುವುದಿಲ್ಲ. ಅದರ ಬಗ್ಗೆ ಓದಬಾರದು ಅನ್ನುವುದಿಲ್ಲ. ಓದಬೇಕು. ಆದರೆ ಹಬ್ಬ ಮಾಡುವ ವಿಷಯ ಅದಲ್ಲ.

ಎಂ.ಬಿ.ಎ. ಮೊದಲ ವರ್ಷ

ಅಕ್ಕ, ಇಷ್ಟು ನನಗೆ ಗೊತ್ತಿರಲಿಲ್ಲ. ನನ್ನ ಸೂಚನೆ ವಾಪಸ್ ತೆಗೆದುಕೊಳ್ಳುತ್ತೇನೆ.

ಕಚೇರಿ ಸಿಬ್ಬಂದಿ, ಪರೀಕ್ಷೆ ಮತ್ತು ಹಾಜರಾತಿ

ಆಲೂರಿನ ತಂಗಿಗೆ. ಇದಕ್ಕೆ ವರ್ಷದ ವಿಷಯ ಆಗುವವರೆಗೆ ಕಾಯಬೇಕಾಗಿಲ್ಲ. ಆನೆ ಇದೆ ಅಂತ ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಅದೇ ವಾರ ನಿಮ್ಮ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಡಿ. ನನಗೂ ಒಂದು ಪ್ರತಿ ಕೊಡಿ. ಆಲೂರು, ಸಕಲೇಶಪುರ, ಬೇಲೂರು ಕಡೆಯಿಂದ ಬರುವ ಎಲ್ಲರಿಗೂ ಇದು ಅನ್ವಯ ಆಗುವ ಹಾಗೆ ಒಂದು ಟಿಪ್ಪಣಿ ಹಾಕಿ ಮೇಲೆ ಕಳಿಸುತ್ತೇನೆ. ನೀವು ಐದಾರು ಜನ ಸೇರಿ ಬಂದರೆ ಇನ್ನೂ ಒಳ್ಳೆಯದು.

ಸಮಾಜಕಾರ್ಯ, ಮೊದಲ ವರ್ಷ, ಹಾಸನ ತಾಲ್ಲೂಕು

ಎರಡು ದಿನದಿಂದ ಬರೆಯಲೋ ಬೇಡವೋ ಅಂತ ಇದ್ದೆ. ನನ್ನದು ಆಲೂಗಡ್ಡೆ.

ನಾನು ಚಿಕ್ಕವನಿದ್ದಾಗ ಅಪ್ಪ ಮೂರು ಎಕರೆ ಹಾಕುತ್ತಿದ್ದರು. ಮೇ ತಿಂಗಳಲ್ಲಿ ಎಪಿಎಂಸಿ ಯಾರ್ಡಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬಿತ್ತನೆ ಗೆಡ್ಡೆ ಬರುತ್ತದೆ. ಮೂಟೆ ತಂದು ಜಗುಲಿಯ ಮೇಲೆ ಸುರಿಯುತ್ತಿದ್ದರು. ಅಜ್ಜಿ, ಅಮ್ಮ, ಪಕ್ಕದ ಮನೆಯ ಚಿಕ್ಕಮ್ಮ ಎಲ್ಲ ಸುತ್ತ ಕೂತು ಹೋಳು ಮಾಡುತ್ತಿದ್ದರು. ಪ್ರತಿ ಹೋಳಿಗೂ ಒಂದೆರಡು ಕಣ್ಣು ಇರಲೇಬೇಕು, ಕಣ್ಣಿಲ್ಲದ ಹೋಳು ಮೊಳೆಯುವುದಿಲ್ಲ, ಮಣ್ಣಲ್ಲೇ ಕೊಳೆಯುತ್ತದೆ. ಅಜ್ಜಿ ಗೆಡ್ಡೆಯ ಕಡೆ ನೋಡುತ್ತಲೇ ಇರಲಿಲ್ಲ. ಯಾರ ಜೊತೆಗೋ ಮಾತಾಡುತ್ತಾ ಹೆಬ್ಬೆರಳಲ್ಲಿ ಕಣ್ಣು ಸವರಿ ಹುಡುಕಿ, ಸರಿಯಾಗಿ ಅದರ ಪಕ್ಕ ಚಾಕು ಇಡುತ್ತಿದ್ದರು.

ಉತ್ತರ ಭಾರತದಲ್ಲಿ ಇದು ಚಳಿಗಾಲದ ಬೆಳೆ. ನಮ್ಮಲ್ಲಿ ಮುಂಗಾರಿನ ಬೆಳೆ, ಮಳೆ ನಂಬಿಕೊಂಡು ಬೆಳೆಯುವುದು. ಕಷ್ಟವೂ ಅಲ್ಲೇ ಇರುವುದು. ಜುಲೈನಲ್ಲಿ ಮೋಡ ಮುಚ್ಚಿಕೊಂಡು ಮೂರು ದಿನ ಬಿಡದೆ ಜಿಟಿಜಿಟಿ ಹಿಡಿಯಿತು ಅಂದರೆ ಅಪ್ಪ ಮುಖ ಕೂಡ ತೊಳೆಯದೆ ಹೊಲಕ್ಕೆ ಹೋಗಿ ಎಲೆ ತಿರುವಿ ನೋಡುತ್ತಿದ್ದರು. ಎಲೆಯ ಅಂಚಿನಲ್ಲಿ ನೀರು ಕುಡಿದ ಹಾಗಿರುವ ಕಪ್ಪು ಮಚ್ಚೆ. ತಿರುವಿದರೆ ಕೆಳಗೆ ತೆಳ್ಳಗೆ ಬಿಳಿ ಬೂಷ್ಟು. ಅದೇ ಅಂಗಮಾರಿ. ಔಷಧಿ ಹೊಡೆದ ಮೇಲೆ ಮತ್ತೆ ಮಳೆ ಬಂದರೆ ಹೊಡೆದಿದ್ದೆಲ್ಲ ತೊಳೆದು ಹೋಗುತ್ತದೆ. ಒಂದೇ ವಾರದಲ್ಲಿ ಹಸಿರು ಹೊಲ ಬೆಂಕಿ ಬಿದ್ದ ಹಾಗೆ ಆಗುತ್ತದೆ, ಕೊಳೆತ ಸೊಪ್ಪಿನ ವಾಸನೆ ರಸ್ತೆವರೆಗೂ ಬರುತ್ತದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹಾಗೆ ಪೂರ್ತಿ ಹೋಯಿತು. ಅಪ್ಪ ಎರಡು ದಿನ ಊಟಕ್ಕೆ ಕೂತರೂ ತಟ್ಟೆಗೆ ಕೈ ಹಾಕಲಿಲ್ಲ.

ಈಗ ನಮ್ಮ ಕಡೆ ಮೆಕ್ಕೆಜೋಳ, ಶುಂಠಿ ಜಾಸ್ತಿ. ಅಪ್ಪ ಆಲೂಗಡ್ಡೆ ಅರ್ಧ ಎಕರೆ ಮಾತ್ರ ಹಾಕುತ್ತಾರೆ. ಬಿಡಿ ಅಂದರೆ ಬಿಡುವುದಿಲ್ಲ. ಹಾಸನ ಅಂದರೆ ಆಲೂಗಡ್ಡೆ ಅಂತ ಹೇಳುತ್ತಿದ್ದ ಕಾಲ ಇತ್ತು. ಅದು ಯಾಕೆ ಕೈಬಿಟ್ಟು ಹೋಗುತ್ತಿದೆ ಅಂತ ಇಷ್ಟು ಹತ್ತಿರ ಕೂತಿರುವ ನಾವು ಒಂದು ವರ್ಷವಾದರೂ ಕೇಳಬಾರದಾ?

ಸಾಲು: ಹತ್ತು ಊರಿನಲ್ಲಿ ಬೆಳೆ ಬಿಟ್ಟವರು, ಬಿಡದವರು ಇಬ್ಬರನ್ನೂ ಮಾತಾಡಿಸುತ್ತೇವೆ.

ಎಂ.ಬಿ.ಎ. ಮೊದಲ ವರ್ಷ

ಬ್ರೋ, ನಿನ್ನ ಮಾತು ಓದಿ ಮನಸ್ಸಿಗೆ ತಟ್ಟಿತು. ಆದರೂ ಒಂದು ಅನುಮಾನ ಕೇಳಲೇಬೇಕು. "ಆಲೂಗಡ್ಡೆ ವರ್ಷ" ಅಂದರೆ ಹೊರಗಿನವರು ನಮ್ಮನ್ನು ಹೇಗೆ ನೋಡುತ್ತಾರೆ? ಇಂಟರ್ವ್ಯೂನಲ್ಲಿ ಕ್ಯಾಂಪಸ್ ಬಗ್ಗೆ ಕೇಳಿದರೆ ಇದನ್ನು ಹೇಳಿದರೆ ತೂಕ ಇರುತ್ತದಾ?

ಹಳೆ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿ

ತೂಕದ ಮಾತು ಬಂತಲ್ಲ, ಅದಕ್ಕೆ ನಾನು ಉತ್ತರ ಕೊಡುತ್ತೇನೆ ತಮ್ಮಾ. ವಿಶ್ವಸಂಸ್ಥೆಯೇ 2008ನೇ ಇಸವಿಯನ್ನು ಅಂತರರಾಷ್ಟ್ರೀಯ ಆಲೂಗಡ್ಡೆ ವರ್ಷ ಅಂತ ಆಚರಿಸಿತ್ತು. 2015 ಮಣ್ಣಿನ ವರ್ಷ, 2016 ಬೇಳೆಕಾಳಿನ ವರ್ಷ, 2023 ಸಿರಿಧಾನ್ಯದ ವರ್ಷ, ಅದು ನಮ್ಮ ದೇಶವೇ ಮುಂದಿಟ್ಟ ಸೂಚನೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ನೀರು, ಇನ್ನೊಂದು ವರ್ಷ ಶಬ್ದ ಅಂತ ಇಟ್ಟುಕೊಂಡಿದ್ದರು. ದೊಡ್ಡ ವಿಶ್ವವಿದ್ಯಾಲಯಗಳೇ ಒಂದೇ ಪದದ ವಿಷಯ ಇಟ್ಟುಕೊಳ್ಳುವಾಗ ನಮಗೆ ಯಾಕೆ ಸಂಕೋಚ?

ನಾನು ಈಗ ಮಾಡುವ ಕೆಲಸದಲ್ಲಿ ಹೊಸಬರನ್ನು ಆರಿಸುವಾಗ ಕೂತಿರುತ್ತೇನೆ. "ನಮ್ಮ ಕ್ಯಾಂಪಸ್ಸಿನಲ್ಲಿ ಸುಸ್ಥಿರ ಅಭಿವೃದ್ಧಿ ಕಾರ್ಯಕ್ರಮ ನಡೆಯಿತು" ಅಂತ ಒಬ್ಬ ಹೇಳಿದರೆ ನನಗೆ ಮುಂದೆ ಕೇಳಲು ಪ್ರಶ್ನೆಯೇ ಹೊಳೆಯುವುದಿಲ್ಲ. "ಹಾಸನದ ಮಾರುಕಟ್ಟೆಯಲ್ಲಿ ಆಲೂಗಡ್ಡೆ ದರವನ್ನು ನಾಲ್ಕು ತಿಂಗಳು ದಿನಾ ಬರೆದೆ, ರೈತನಿಗೆ ಸಿಕ್ಕಿದ್ದೆಷ್ಟು, ಅಂಗಡಿಯಲ್ಲಿ ಕೊಟ್ಟಿದ್ದೆಷ್ಟು ಅಂತ ನೋಡಿದೆ" ಅಂದರೆ ಅವನ ಹತ್ತಿರ ಅರ್ಧ ಗಂಟೆ ಮಾತಾಡುತ್ತೇನೆ.

ಎಂ.ಬಿ.ಎ. ಮೊದಲ ವರ್ಷ

ಸರಿ ಅಣ್ಣ, ಹಾಗಾದರೆ ಆ ಕೆಲಸ ನಮ್ಮದು. ಸಾಲು: ಎಪಿಎಂಸಿ ದರ ಮತ್ತು ಅಂಗಡಿ ದರ, ದಿನಾ, ನಾಲ್ಕು ತಿಂಗಳು. ಎಂ.ಕಾಂ.ನವರು ಸೇರಿಕೊಳ್ಳುತ್ತೀರಾ?

ಎಂ.ಕಾಂ. ಎರಡನೇ ವರ್ಷ, ಆಲೂರು ತಾಲ್ಲೂಕು

ನಾನಿದ್ದೇನೆ. ಒಂದು ಎಕರೆಗೆ ಬಿತ್ತನೆ, ಗೊಬ್ಬರ, ಔಷಧಿ, ಕೂಲಿ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ ನಾನು ಮಾಡುತ್ತೇನೆ. ಬರೀ ಮಾರಾಟದ ದರ ಬರೆದರೆ ಅರ್ಧ ಕತೆ ಮಾತ್ರ.

ಸಸ್ಯಶಾಸ್ತ್ರ ಅಧ್ಯಾಪಕ

ಸಮಾಜಕಾರ್ಯದ ಹುಡುಗ ಎಲೆಯ ಕೆಳಗಿನ ಬಿಳಿ ಬೂಷ್ಟಿನ ಬಗ್ಗೆ ಬರೆದಿದ್ದು ಓದಿದೆ. ನಮ್ಮ ಪಠ್ಯದಲ್ಲಿ ಅದು ಬರುತ್ತದೆ. ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತೇನೆ. ಅದರ ಹೆಸರು ಫೈಟಾಫ್ತೊರಾ ಇನ್ಫೆಸ್ಟಾನ್ಸ್. ಬೂಷ್ಟು ಅಂತ ಎಲ್ಲರೂ ಕರೆದರೂ ನಿಜವಾದ ಶಿಲೀಂಧ್ರದ ಗುಂಪಿಗೆ ಅದು ಸೇರುವುದಿಲ್ಲ, ಕಂದು ಪಾಚಿಗಳ ಕಡೆಯ ನೆಂಟ. ನೀರು ಸಿಕ್ಕಿದರೆ ಅದರ ಬೀಜಕಗಳು ಈಜುತ್ತವೆ. ತಂಪು, ತೇವ, ಮೋಡ ಮೂರೂ ಸೇರಿದಾಗ ಅಷ್ಟು ಬೇಗ ಹರಡುವುದು ಅದಕ್ಕೇ. 1845ರಲ್ಲಿ ಐರ್ಲೆಂಡಿನಲ್ಲಿ ಕ್ಷಾಮ ತಂದು ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿದ್ದು ಇದೇ ರೋಗ. ಸಾಲಗಾಮೆ ರಸ್ತೆಯ ಹೊಲದಲ್ಲಿ ಜುಲೈನಲ್ಲಿ ಕಾಣುವುದೂ ಇದೇ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಂದು ಸಲವೂ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಲಿಲ್ಲ. ಅದು ತಪ್ಪು ಅಂತ ಈಗ ಅನ್ನಿಸುತ್ತಿದೆ.

ಇಲ್ಲಿ ಹೆಚ್ಚಾಗಿ ಹಾಕುವ ತಳಿ ಕುಫ್ರಿ ಜ್ಯೋತಿ. ಕುಫ್ರಿ ಅನ್ನುವುದು ಶಿಮ್ಲಾ ಹತ್ತಿರದ ಊರು, ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಇರುವುದು ಶಿಮ್ಲಾದಲ್ಲಿ. ಬೀಜಕ್ಕಾಗಿ ಪ್ರತಿ ವರ್ಷ ಪಂಜಾಬಿನ ಕಡೆ ನೋಡುವ ಬದಲು ಅಂಗಾಂಶ ಕೃಷಿಯ, ಅಂದರೆ ಲ್ಯಾಬಿನಲ್ಲಿ ಗಿಡದ ಚೂರಿನಿಂದ ಬೆಳೆಸಿದ, ಸಸಿಗಳಿಂದ ಇಲ್ಲೇ ಬಿತ್ತನೆ ಗೆಡ್ಡೆ ಮಾಡುವ ಪ್ರಯತ್ನ ನಮ್ಮ ಜಿಲ್ಲೆಯಲ್ಲೂ ನಡೆದಿದೆ. ಅದನ್ನು ಮಕ್ಕಳು ನೋಡಬೇಕು.

ಸಾಲು: ಸಸಿಯಿಂದ ಬೆಳೆದದ್ದು, ಹೋಳಿನಿಂದ ಬೆಳೆದದ್ದು ಎರಡನ್ನೂ ಕ್ಯಾಂಪಸ್ಸಿನ ಹಿಂದಿನ ಖಾಲಿ ಜಾಗದಲ್ಲಿ ಅಕ್ಕಪಕ್ಕ ಹಾಕಿ ನೋಡುತ್ತೇವೆ.

ಹಾಸ್ಟೆಲ್ ವಾರ್ಡನ್

ನಮ್ಮ ಅಡುಗೆ ಭಟ್ಟರಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹೊಸ ಗೆಡ್ಡೆ ಬಂದಾಗ ಪಲ್ಯ ಗಟ್ಟಿಯಾಗಿ ನಿಲ್ಲುತ್ತದೆ, ದೋಸೆಗೆ ಚೆನ್ನ. ಕೋಲ್ಡ್ ಸ್ಟೋರೇಜಿನದ್ದು ತಂದರೆ ಸಿಹಿ ಬರುತ್ತದೆ, ಎಣ್ಣೆಗೆ ಹಾಕಿದರೆ ಬೇಯುವ ಮೊದಲೇ ಕಪ್ಪಾಗುತ್ತದೆ. ಮಕ್ಕಳು ನಾನು ಸೀಯಿಸಿದೆ ಅಂತ ಬೈಯುತ್ತಾರೆ." ಇಪ್ಪತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದಾರೆ. ಇಲ್ಲಿವರೆಗೆ ಕ್ಯಾಂಪಸ್ಸಿನ ಯಾವ ಕಾರ್ಯಕ್ರಮದಲ್ಲೂ ಅವರನ್ನು ಯಾರೂ ಏನೂ ಕೇಳಿಲ್ಲ, ನಾನೂ ಕೇಳಿಲ್ಲ.

ರಸಾಯನಶಾಸ್ತ್ರ ಅಧ್ಯಾಪಕಿ

ವಾರ್ಡನ್ ಸರ್, ಭಟ್ಟರು ಹೇಳಿದ್ದು ನೂರಕ್ಕೆ ನೂರು ಸರಿ, ಸೀಯಿಸಿದ್ದು ಅವರಲ್ಲ ಅಂತ ಮಕ್ಕಳಿಗೆ ನಾನೇ ಬಂದು ಹೇಳುತ್ತೇನೆ. ಗೆಡ್ಡೆಯನ್ನು ತುಂಬಾ ತಂಪಿನಲ್ಲಿ ಇಟ್ಟರೆ ಅದರೊಳಗಿನ ಪಿಷ್ಟ ನಿಧಾನವಾಗಿ ಸಕ್ಕರೆ ಆಗುತ್ತದೆ. ಆ ಸಕ್ಕರೆ ಕಾದ ಎಣ್ಣೆಯಲ್ಲಿ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. ಭಟ್ಟರು ನಾಲಿಗೆಯಲ್ಲಿ ಕಂಡುಕೊಂಡಿದ್ದನ್ನು ನಾವು ಲ್ಯಾಬಿನಲ್ಲಿ ಅಳೆಯುತ್ತೇವೆ.

ನಾನು ಮೊದಲು ಕಲ್ಲಿನ ಕಡೆ ಇದ್ದೆ, ಹೇಳಿಬಿಡುತ್ತೇನೆ. ಬೇಲೂರಿನ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವುದು ನನಗೆ ಬಹಳ ಇಷ್ಟದ ವಿಷಯ. ಆದರೆ ಎಷ್ಟು ಯೋಚಿಸಿದರೂ ಇತಿಹಾಸ ಬಿಟ್ಟು ಬೇರೆ ವಿಭಾಗಗಳಿಗೆ ಅದು ಒಂದು ದಿನದ ಟೂರ್ ಆಗಿ ಮುಗಿಯುತ್ತದೆ ಅನ್ನಿಸಿತು.

ಸಾಲು: ಹೊಸ ಗೆಡ್ಡೆ, ಕೋಲ್ಡ್ ಸ್ಟೋರೇಜ್ ಗೆಡ್ಡೆ, ಬಿಸಿಲಿಗೆ ಹಸಿರಾದ ಗೆಡ್ಡೆ, ಮೂರರ ಪರೀಕ್ಷೆ. ಹಸಿರಾದದ್ದರಲ್ಲಿ ಸೋಲನಿನ್ ಅನ್ನುವ ವಿಷ ಇರುತ್ತದೆ. ಅದನ್ನು ಯಾಕೆ ತಿನ್ನಬಾರದು ಅಂತ ಹಳ್ಳಿ ಶಾಲೆಗಳಿಗೆ ಹೋಗಿ ಹೇಳುತ್ತೇವೆ.

ಇತಿಹಾಸ, ಎಂ.ಎ. ಎರಡನೇ ವರ್ಷ

ಮೇಡಂ, ಬೇಜಾರಾಯಿತು, ಆದರೂ ನೀವು ಹೇಳಿದ್ದು ನಿಜ. ನಿನ್ನೆ ಬೇರೆ ವಿಭಾಗದ ಏಳು ಜನರನ್ನು ಕಲ್ಲು ಬಂದರೆ ಏನು ಮಾಡುತ್ತೀರಿ ಅಂತ ಕೇಳಿದೆ. ಏಳೂ ಜನ "ಹಳೇಬೀಡಿಗೆ ಹೋಗಿ ಬರೋಣ" ಅಂದರು. ಶಿಲ್ಪಿಗಳ ಪಟ್ಟಿ ನಾವು ಹೇಗೂ ಮಾಡುತ್ತೇವೆ, ಅದಕ್ಕೆ ವರ್ಷದ ವಿಷಯ ಆಗಬೇಕು ಅಂತಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಗೆಡ್ಡೆ ನಮ್ಮ ಹೊಲಕ್ಕೆ ಬಂದು ಸೇರಿದ ದಾರಿ ಕೂಡ ಇತಿಹಾಸವೇ. ಸಾಲು: ಜಿಲ್ಲೆಯ ಹಳೆಯ ಗೆಜೆಟಿಯರ್‌ಗಳಲ್ಲಿ, ಕಂದಾಯದ ದಾಖಲೆಗಳಲ್ಲಿ ಆಲೂಗಡ್ಡೆ ಮೊದಲು ಯಾವಾಗ ಕಾಣಿಸುತ್ತದೆ ಅಂತ ಹುಡುಕುತ್ತೇವೆ.

ಕನ್ನಡ ಅಧ್ಯಾಪಕ

ಮೊದಲು ಹೆಸರಿನ ಬಗ್ಗೆ ಒಂದು ಮಾತು. "ಥೀಮ್" ಅಂತ ಎಲ್ಲರೂ ಅನ್ನುತ್ತಿದ್ದೇವೆ, ಅನ್ನಲಿ. ಆದರೆ ಆಮಂತ್ರಣದಲ್ಲಿ "ವರ್ಷದ ಎಳೆ" ಅಂತ ಹಾಕೋಣವಾ? ಬೇರೆ ಬೇರೆ ವಿಭಾಗಗಳನ್ನು ಕಟ್ಟಲು ಒಂದು ಎಳೆ ಬೇಕು, ಅಷ್ಟೇ.

ಇನ್ನು ಗೆಡ್ಡೆಯ ವಿಷಯ. ಹಾಸನದವರು ಆಲೂಗೆಡ್ಡೆ ಅನ್ನುತ್ತಾರೆ. ಕರಾವಳಿಯ ವಿದ್ಯಾರ್ಥಿಗಳು ಬಟಾಟೆ ಅನ್ನುತ್ತಾರೆ, ಅದು ಪೋರ್ಚುಗೀಸರಿಂದ ಬಂದ ಮಾತು. ಕೋಲಾರದ ಕಡೆಯ ಹುಡುಗಿ ನನ್ನ ಕ್ಲಾಸಿನಲ್ಲಿ ಉರಲಗಡ್ಡೆ ಅಂದಳು. ಒಂದು ತರಕಾರಿಗೆ ಇಷ್ಟು ದಾರಿಯಿಂದ ಹೆಸರು ಬಂದಿದೆ. ಬಿತ್ತುವಾಗ, ಮಣ್ಣು ಏರಿಸುವಾಗ, ಕೀಳುವಾಗ, ಆರಿಸಿ ಮೂಟೆ ಕಟ್ಟುವಾಗ ಹೊಲದಲ್ಲಿ ಆಡುವ ಮಾತುಗಳು ಎಷ್ಟೋ ಇವೆ. ನಿಘಂಟಿನಲ್ಲಿ ಅವೆಲ್ಲ ಸಿಗುವುದಿಲ್ಲ. ಬೆಳೆ ಹೋದರೆ ಆ ಮಾತುಗಳೂ ಹೋಗುತ್ತವೆ. ನನಗೆ ಚಿಂತೆ ಇರುವುದು ಅದರದ್ದು.

ಸಾಲು: ಆಲೂಗಡ್ಡೆ ಹೊಲದ ಪದಕೋಶ.

ಇಂಗ್ಲಿಷ್, ಎಂ.ಎ. ಮೊದಲ ವರ್ಷ

ನಾನು ಬೇರೆಯೇ ಸೂಚನೆ ಇಟ್ಟುಕೊಂಡು ಬಂದಿದ್ದೆ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ, ನಮ್ಮೂರಿನ ಹೆಣ್ಣುಮಕ್ಕಳ ಮಾತನ್ನು ಬರೆದಿಡುವ ವರ್ಷ ಒಂದು ಆಗಬೇಕು ಅಂತ ಆಸೆ. ಸಮಾಜಕಾರ್ಯದ ಅಣ್ಣನ ಅಜ್ಜಿ ನೋಡದೆ ಕಣ್ಣು ಹುಡುಕುವುದನ್ನು ಓದಿದ ಮೇಲೆ ಎರಡೂ ಒಂದೇ ಕೆಲಸ ಅನ್ನಿಸಿತು. ಬಿತ್ತನೆ ಹೋಳು ಮಾಡುವುದು ಹೆಂಗಸರು, ಗೆಡ್ಡೆ ಕೀಳುವ ಕೂಲಿಗೆ ಹೋಗುವುದು ಹೆಚ್ಚಾಗಿ ಹೆಂಗಸರು. ರೈತ ಅಂದರೆ ಮಾತ್ರ ಫೋಟೋದಲ್ಲಿ ಗಂಡಸು. 2026ನ್ನು ವಿಶ್ವಸಂಸ್ಥೆ ರೈತ ಮಹಿಳೆಯರ ವರ್ಷ ಅಂತ ಘೋಷಿಸಿದೆ ಕೂಡ. ಸಾಲು: ಅವರ ಮಾತು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ, ಬರೆದು, ಅನುವಾದ ಮಾಡುತ್ತೇವೆ. ಬರೆದಿದ್ದನ್ನು ಮೊದಲು ಅವರಿಗೇ ಓದಿ ಹೇಳುತ್ತೇವೆ.

ಭೂಗೋಳ, ಎಂ.ಎ. ಎರಡನೇ ವರ್ಷ

ಹೇಮಾವತಿಯನ್ನು ನಾನು ಇನ್ನೂ ಬಿಟ್ಟುಕೊಟ್ಟಿಲ್ಲ. ಆಲೂಗಡ್ಡೆ ಒಂದು ಬೆಳೆ, ನಾಳೆ ರೈತರು ಬೇರೆ ಬೆಳೆ ಹಾಕಿದರೆ ಬದುಕು ನಡೆಯುತ್ತದೆ. ನದಿ ಹಾಗಲ್ಲ. ಮುಳುಗಿದ ಊರಿನ ಹಿರಿಯರು ಇನ್ನು ಎಷ್ಟು ವರ್ಷ ಇರುತ್ತಾರೆ? ತಾತ ಹೋದ ತಿಂಗಳು ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಈ ಕೆಲಸಕ್ಕೆ ಮುಂದಿನ ವರ್ಷ ಅನ್ನುವುದು ಇಲ್ಲ.

ಗ್ರಂಥಾಲಯ ಸಿಬ್ಬಂದಿ, ಸಮಿತಿ ಸದಸ್ಯೆ

ಈ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ನದಿಗೆ ಬಂದ ಸಾಲು ಎರಡೇ, ಒಂದು ನಿಮ್ಮದು, ಒಂದು ಸಮಾಜಶಾಸ್ತ್ರದವರು ನನಗೆ ಫೋನಿನಲ್ಲಿ ಹೇಳಿದ್ದು. ಆದರೆ ತಾತನ ವಿಷಯ ಸಾಲು ಎಣಿಸಿ ತೀರ್ಮಾನ ಮಾಡುವಂಥದ್ದಲ್ಲ. ರೆಕಾರ್ಡಿಂಗ್ ಈ ವರ್ಷವೇ ಶುರು ಮಾಡಿ. ಗ್ರಂಥಾಲಯದಲ್ಲಿ ರೆಕಾರ್ಡರ್ ಇದೆ, ಎರಡು ಮೈಕ್ ಇದೆ, ಶನಿವಾರ ನಾನೂ ನಿಮ್ಮ ಜೊತೆ ಬರುತ್ತೇನೆ. ಮುಂದಿನ ವರ್ಷ ಹೇಮಾವತಿಯನ್ನೇ ಎಳೆಯಾಗಿ ಇಡಬೇಕು ಅಂತ ಸಮಿತಿಗೆ ಈಗಲೇ ಬರೆದು ಕೊಡುತ್ತೇನೆ. ಆಗ ನಿಮ್ಮ ಕೈಯಲ್ಲಿ ಒಂದು ವರ್ಷದ ಕೆಲಸ ತಯಾರಿರುತ್ತದೆ.

ಭೂಗೋಳ, ಎಂ.ಎ. ಎರಡನೇ ವರ್ಷ

ಶನಿವಾರ ಅಂದಿರಲ್ಲ ಮೇಡಂ, ಅಷ್ಟು ಸಾಕು. ಬೆಳಗ್ಗೆ ಒಂಬತ್ತಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಆಲೂಗಡ್ಡೆಗೆ ನಮ್ಮ ವಿಭಾಗದ ಸಾಲು: ಯಾವ ಹೋಬಳಿಯಲ್ಲಿ ಈಗಲೂ ಬೆಳೆಯುತ್ತಾರೆ, ಎಲ್ಲಿ ಬಿಟ್ಟಿದ್ದಾರೆ ಅನ್ನುವ ನಕ್ಷೆ.

ಸಸ್ಯಶಾಸ್ತ್ರ ಅಧ್ಯಾಪಕ

ಒಂದು ಮುಖ್ಯವಾದ ಮಾತು ಯಾರೂ ಎತ್ತಿಲ್ಲ. ಬಿತ್ತನೆ ಮೇ ಕೊನೆ, ಜೂನ್‌ನಲ್ಲಿ. ಆಗ ಇಲ್ಲಿ ಪರೀಕ್ಷೆ, ಆಮೇಲೆ ರಜೆ. ಕೀಳುವುದು ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ. ಬಿತ್ತನೆಯಿಂದ ಶುರು ಮಾಡಬೇಕು ಅಂತ ಹೊರಟರೆ ಕ್ಯಾಂಪಸ್ಸಿನಲ್ಲಿ ಯಾರೂ ಇರುವುದಿಲ್ಲ. ನಾವು ತಿರುಗಿಸಿ ನಡೆಯಬೇಕು. ಹೊಸ ಮಕ್ಕಳು ಬರುವ ಹೊತ್ತಿಗೆ ಗೆಡ್ಡೆ ಕೀಳುವ ಕೆಲಸದಿಂದ ಶುರು, ಆಮೇಲೆ ಮಾರುಕಟ್ಟೆ, ಅಡುಗೆಮನೆ, ಲ್ಯಾಬು, ರೋಗ, ಬೀಜ, ಕೊನೆಗೆ ಮೇ ತಿಂಗಳಲ್ಲಿ ಬಿತ್ತನೆ. ಎರಡನೇ ವರ್ಷದವರು ಬಿತ್ತಿ ಹೋಗುತ್ತಾರೆ. ಅವರು ಬಿತ್ತಿದ್ದನ್ನು ಕೀಳುವುದು ಮುಂದೆ ಬರುವವರು.

ಕಚೇರಿ ಸಿಬ್ಬಂದಿ, ಪರೀಕ್ಷೆ ಮತ್ತು ಹಾಜರಾತಿ

ನ್ಯಾಕ್ (ಕಾಲೇಜು, ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ಸಂಸ್ಥೆ) ಫೈಲಿಗೆ ಏನು ಬರೆಯುವುದು ಅಂತ ಇಬ್ಬರು ಕೇಳಿದರು. ಆ ಚಿಂತೆ ನನಗೆ ಬಿಡಿ. ಪ್ರತಿ ಸಾಲಿಗೆ ಯಾರು, ಯಾವ ದಿನ, ಏನು ಮಾಡಿದರು ಅಂತ ಒಂದು ಹಾಳೆ ಕೊಟ್ಟರೆ ಸಾಕು. ಬಸ್ಸಿಗೆ ಅರ್ಜಿ ಹದಿನೈದು ದಿನ ಮುಂಚೆ ಕೊಡಿ.

ಗ್ರಂಥಾಲಯ ಸಿಬ್ಬಂದಿ, ಸಮಿತಿ ಸದಸ್ಯೆ

ನಿನ್ನೆ ಸಮಿತಿ ಸೇರಿತ್ತು. ಆಲೂಗಡ್ಡೆಗೆ ಒಟ್ಟು ಹನ್ನೊಂದು ಸಾಲು ಬಂದಿದೆ. ಹಾಸ್ಟೆಲ್ ಭಟ್ಟರದ್ದೂ ಸೇರಿ, ಅವರು ತಿಂಗಳಿಗೊಂದು ಸಲ ಮಕ್ಕಳಿಗೆ ಆರಿಸುವುದು, ಬೇಯಿಸುವುದು ಹೇಳಿಕೊಡುತ್ತೇನೆ ಅಂದಿದ್ದಾರೆ. ಕುಲಪತಿಗಳ ಕಚೇರಿಯಿಂದ ಒಪ್ಪಿಗೆ ಆಯಿತು. ಗೇಟಿಗೆ ಫ್ಲೆಕ್ಸ್ ಬೇಡ ಅಂತ ಕೇಳಿಕೊಂಡೆ, ಅದಕ್ಕೂ ಒಪ್ಪಿದರು. ಆ ದುಡ್ಡು ಬಿತ್ತನೆಗೆ ಇಟ್ಟುಕೊಳ್ಳುತ್ತೇವೆ.

ಮೊದಲ ಕೆಲಸ ಗೆಡ್ಡೆ ಕೀಳುವುದು. ಸಮಾಜಕಾರ್ಯದ ತಮ್ಮಾ, ನಿಮ್ಮ ತಂದೆಯವರು ಒಪ್ಪಿದರೆ ನಲವತ್ತು ಜನ ಬರುತ್ತೇವೆ. ತೊಂದರೆ ಆಗುವ ಹಾಗಿದ್ದರೆ ಸಂಕೋಚ ಇಲ್ಲದೆ ಹೇಳಿ, ಬೇರೆ ಕಡೆ ಕೇಳೋಣ. ಅವತ್ತಿನ ಕೂಲಿ ಹೆಂಗಸರ ಕೆಲಸ ನಾವು ಕಿತ್ತುಕೊಂಡ ಹಾಗೆ ಆಗಬಾರದು. ಅವರಿಗೆ ಕೂಲಿ ಎಂದಿನ ಹಾಗೆ ಸಿಗಬೇಕು, ನಮಗೆ ಅವರೇ ಹೇಳಿಕೊಡಬೇಕು.

ಸಮಾಜಕಾರ್ಯ, ಮೊದಲ ವರ್ಷ, ಹಾಸನ ತಾಲ್ಲೂಕು

ಮೇಡಂ, ರಾತ್ರಿ ಅಪ್ಪನಿಗೆ ಹೇಳಿದೆ. ಮೊದಲು ನಂಬಲಿಲ್ಲ. ಯೂನಿವರ್ಸಿಟಿಯವರು ನಮ್ಮ ಹೊಲಕ್ಕೆ ಯಾಕೆ ಬರುತ್ತಾರೆ ಅಂತ ಎರಡು ಸಲ ಕೇಳಿದರು. ಈ ಸಲ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಅಂಗಮಾರಿ ಒಂದು ಮೂಲೆಯಲ್ಲಿ ಮಾತ್ರ ಬಂದಿದೆ. ಆ ಮೂಲೆಯನ್ನು ಹಾಗೇ ಬಿಟ್ಟಿದ್ದಾರೆ, ಸಸ್ಯಶಾಸ್ತ್ರದ ಸರ್ ಬಂದು ತೋರಿಸಲಿ ಅಂತ.

ಮುಂದಿನ ಭಾನುವಾರ ಕೀಳಬೇಕು ಅಂತ ಇದ್ದರು. ಬಸ್ಸಿಗೆ ಹದಿನೈದು ದಿನ ಬೇಕು ಅಂದೆ. ಉಳಿದಿದ್ದನ್ನು ಕೀಳಿಸಿ ಮಾರಿಬಿಡುತ್ತಾರಂತೆ. ಬಾವಿಯ ಪಕ್ಕದ ನಾಲ್ಕು ಸಾಲು ನಿಮಗೆ ಅಂತ ಇಡುತ್ತಾರೆ. ಅದಕ್ಕಿಂತ ಜಾಸ್ತಿ ದಿನ ಮಣ್ಣಲ್ಲಿ ಬಿಡಲು ಆಗುವುದಿಲ್ಲ, ಮಳೆ ಬಂದರೆ ಕೊಳೆಯುತ್ತದೆ, ಆದಷ್ಟು ಬೇಗ ಬನ್ನಿ ಅಂದರು. ಅಜ್ಜಿ ಚಾಕು ಹುಡುಕಲು ಶುರು ಮಾಡಿದರು. ಕೀಳುವುದಕ್ಕೆ ಚಾಕು ಯಾಕೆ ಅಜ್ಜಿ ಅಂದರೆ, "ಮಕ್ಕಳಿಗೆ ಕಣ್ಣು ತೋರಿಸಬೇಡವೇನೋ" ಅಂದರು.